ಕಂಡವರ ಸುಳಿವು, ಕೂತವರ ಊಹೆ

ಹವ್ಯಾಸಿ ಪತ್ತೇದಾರರೆಂದರೆ ಪೊಲೀಸ್ ಇಲಾಖೆಗಾಗಲಿ ಪತ್ರಿಕೆಗಾಗಲಿ ಸೇರದ, ಯಾರಿಂದಲೂ ಸಂಬಳ ಪಡೆಯದ, ಆದರೆ ನಡೆಯುತ್ತಿರುವ ತನಿಖೆಯೊಂದನ್ನು ಮನೆಯಲ್ಲಿ ಕೂತೇ ಬೆನ್ನಟ್ಟುವ ಜನ. ಅವರ ಬಳಿ ಇರುವುದು ಒಂದು ಫೋನು, ಉಪಗ್ರಹ ನಕ್ಷೆ, ಪೊಲೀಸರು ಆಗಾಗ ಕೊಡುವ ಹೇಳಿಕೆಗಳು, ಮತ್ತು ಬೇಕಾದಷ್ಟು ಬಿಡುವು. ಇವರಿಂದ ತನಿಖೆಗೆ ಉಪಕಾರವೋ ಉಪದ್ರವವೋ ಎಂಬ ಪ್ರಶ್ನೆಗೆ 2019ರಲ್ಲಿ ಕೆನಡಾದಲ್ಲಿ ನಡೆದ ಹೆದ್ದಾರಿ ಕೊಲೆಗಳ ಪ್ರಕರಣದಲ್ಲಿ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಎಲ್ಲ ಮುಗಿದ ಮೇಲೆ ಪೊಲೀಸರೇ ವಿವರವಾದ ವರದಿಯೊಂದನ್ನು ಹೊರಗಿಟ್ಟದ್ದರಿಂದ, ಜನ ಊಹಿಸಿದ್ದನ್ನೂ ನಿಜವಾಗಿ ನಡೆದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗಿದೆ.

ಮೊದಲು ಆ ದಾರಿಯ ಪರಿಚಯ ಬೇಕು. ಅಲಾಸ್ಕಾ ಹೆದ್ದಾರಿಯನ್ನು ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ಸೇನೆ ಅವಸರವಸರವಾಗಿ ಕಾಡು ಕಡಿದು ಮಾಡಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಡಾಸನ್ ಕ್ರೀಕ್‌ನಲ್ಲಿ ಹೊರಟು, ಯೂಕಾನ್ ಹಾಯ್ದು, ಅಲಾಸ್ಕಾದ ಡೆಲ್ಟಾ ಜಂಕ್ಷನ್ ಸೇರುವ ಈ ರಸ್ತೆಯ ಉದ್ದ ಸುಮಾರು 2,200 ಕಿ.ಮೀ. ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ಗಂಟೆಗಟ್ಟಲೆ ಹಾದಿ. ಮೊಬೈಲ್ ಸಿಗ್ನಲ್ ಊರು ಬಿಟ್ಟ ಕೂಡಲೇ ಸತ್ತುಹೋಗುತ್ತದೆ. ಗಾಡಿ ಕೆಟ್ಟರೆ ಹಿಂದೆ ಬರುವವರು ನಿಲ್ಲಿಸಿ ವಿಚಾರಿಸುವುದು ಆ ದಾರಿಯ ರೂಢಿ.

ಈ ಹೆದ್ದಾರಿಯ ಬದಿಯಲ್ಲಿ, ಲಿಯರ್ಡ್ ಬಿಸಿನೀರಿನ ಬುಗ್ಗೆಗಳಿಂದ ದಕ್ಷಿಣಕ್ಕೆ 20 ಕಿ.ಮೀ. ದೂರದಲ್ಲಿ, 2019ರ ಜುಲೈ 15ರಂದು ಇಬ್ಬರ ಶವಗಳು ಸಿಕ್ಕವು. ಒಬ್ಬ ಆಸ್ಟ್ರೇಲಿಯಾದ 23 ವರ್ಷದ ಯುವಕ, ಇನ್ನೊಬ್ಬಳು ಅವನ ಪ್ರೇಯಸಿ, ಅಮೆರಿಕದ ನಾರ್ತ್ ಕೆರೊಲಿನಾದ 24 ವರ್ಷದ ಯುವತಿ. ಪಕ್ಕದಲ್ಲೇ ಅವರ ನೀಲಿ ಬಣ್ಣದ, 1986ರ ಮಾಡೆಲ್ಲಿನ ಷೆವರ್ಲೆ ವ್ಯಾನು ಕೆಟ್ಟು ನಿಂತಿತ್ತು. ಎರಡು ದಿನ ಮೊದಲು ಫೋರ್ಟ್ ನೆಲ್ಸನ್ನಿನ ಪೆಟ್ರೋಲ್ ಬಂಕೊಂದರ ಸಿಸಿಟಿವಿಯಲ್ಲಿ ಇವರಿಬ್ಬರೂ ಸೆರೆಯಾಗಿದ್ದರು. ಟ್ಯಾಂಕ್ ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಇಬ್ಬರೂ ತಬ್ಬಿಕೊಂಡು, ಎಲ್ಲಿಗೂ ಅವಸರವಿಲ್ಲದವರ ಹಾಗೆ ನಿಂತಿರುತ್ತಾರೆ. ಪೊಲೀಸರು ಬಿಡುಗಡೆ ಮಾಡಿದ ಆ ತುಣುಕನ್ನು ಮೂರು ಖಂಡಗಳ ಜನ ಮತ್ತೆಮತ್ತೆ ಹಿಂದೆ ಮುಂದೆ ಓಡಿಸಿ ನೋಡಿದರು. ಅದರಲ್ಲಿ ಕೊಲೆಯ ಸುಳಿವು ಒಂದೂ ಇರಲಿಲ್ಲ.

ನಾಲ್ಕು ದಿನ ಕಳೆದು, ಜುಲೈ 19ರಂದು, ಅಲ್ಲಿಂದ 470 ಕಿ.ಮೀ. ದೂರದಲ್ಲಿ (ಬೆಂಗಳೂರಿನಿಂದ ಬೆಳಗಾವಿಯ ಹತ್ತಿರ ಹತ್ತಿರ ಎನ್ನಬಹುದು) 37ನೇ ಹೆದ್ದಾರಿಯಲ್ಲಿ ಡೀಸ್ ಲೇಕ್ ಎಂಬ ಊರಿನ ದಕ್ಷಿಣಕ್ಕೆ ಕ್ಯಾಂಪರ್ ಹೊತ್ತ ಪಿಕಪ್ ಟ್ರಕ್ಕೊಂದು ಸುಟ್ಟು ಕರಕಲಾಗಿ ಸಿಕ್ಕಿತು. ಅದರಿಂದ ಎರಡು ಕಿ.ಮೀ. ಆಚೆ, ವಾಹನ ನಿಲ್ಲಿಸುವ ತಾಣದಲ್ಲಿ, 64 ವರ್ಷದ ವ್ಯಕ್ತಿಯೊಬ್ಬರ ಶವ. ಅವರು ವ್ಯಾಂಕೂವರಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರೆಂದು ಗೊತ್ತಾಗಲು ಇನ್ನೂ ಐದು ದಿನ ಬೇಕಾಯಿತು. ಸುಟ್ಟ ಟ್ರಕ್ಕು ಅವರದಾಗಿರಲಿಲ್ಲ. ಅದು ವ್ಯಾಂಕೂವರ್ ದ್ವೀಪದ ಪೋರ್ಟ್ ಆಲ್ಬರ್ನಿ ಊರಿನ ಇಬ್ಬರು ಹುಡುಗರದ್ದು: 19 ವರ್ಷದ ಕ್ಯಾಮ್ ಮ್ಯಾಕ್ಲೌಡ್ ಮತ್ತು 18 ವರ್ಷದ ಬ್ರೈಯರ್ ಷ್ಮೆಗೆಲ್‌ಸ್ಕಿ. ಜುಲೈ 12ರಂದು ಊರು ಬಿಟ್ಟಿದ್ದ ಇಬ್ಬರೂ 18ರ ಮಧ್ಯಾಹ್ನ ಡೀಸ್ ಲೇಕಿನ ಅಂಗಡಿಯೊಂದರಿಂದ ಹೊರಬಿದ್ದ ಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾಗಾಗಿ ಅವರು ಮೊದಲು ಸೇರಿದ್ದು ಕಾಣೆಯಾದವರ ಪಟ್ಟಿಗೆ.

ಈ ಹಂತದಲ್ಲಿ ಹವ್ಯಾಸಿಗಳ ಚರ್ಚೆ ಮೂರು ದಿಕ್ಕಿಗೆ ಹರಿಯಿತು. ಮೊದಲನೆಯದು ‘ಕಣ್ಣೀರಿನ ಹೆದ್ದಾರಿ’ಯ ಕಡೆಗೆ. ಅದೇ ಪ್ರಾಂತದ 16ನೇ ಹೆದ್ದಾರಿಯಲ್ಲಿ, ಪ್ರಿನ್ಸ್ ಜಾರ್ಜ್ ಮತ್ತು ಪ್ರಿನ್ಸ್ ರೂಪರ್ಟ್ ನಡುವಿನ 700 ಚಿಲ್ಲರೆ ಕಿ.ಮೀ. ಉದ್ದಕ್ಕೂ ದಶಕಗಳಿಂದ ಹೆಣ್ಣುಮಕ್ಕಳು ಕಾಣೆಯಾಗುತ್ತ, ಕೊಲೆಯಾಗುತ್ತ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು. 2005ರಲ್ಲಿ ಶುರುವಾದ ಪೊಲೀಸರ ವಿಶೇಷ ತನಿಖೆ ಆ ಹೆದ್ದಾರಿಯನ್ನೂ ಸುತ್ತಲಿನ ಹೆದ್ದಾರಿಗಳನ್ನೂ ಸೇರಿಸಿ 18 ಹೆಸರುಗಳ ಪಟ್ಟಿ ಮಾಡಿದೆ. ಹೊಸ ಕೊಲೆಗಳೂ ಅದೇ ಸರಣಿ ಹಂತಕನ ಕೈವಾಡವೆಂಬ ಮಾತು ಎದ್ದಿತು. ಎರಡನೆಯದು ಗಡ್ಡದವನ ಕಡೆಗೆ. ಶವಗಳು ಸಿಗುವ ಹಿಂದಿನ ಸಂಜೆ ಕೆಟ್ಟ ವ್ಯಾನಿನ ಬಳಿ ಯುವಕನ ಜೊತೆ ಒಬ್ಬ ಗಡ್ಡಧಾರಿ ಮಾತಾಡುತ್ತಿದ್ದುದನ್ನು ದಾರಿಹೋಕರು ನೋಡಿದ್ದರು. ಪೊಲೀಸರು ಅವನ ರೇಖಾಚಿತ್ರ ಬರೆಸಿ ಜುಲೈ 22ರಂದು ಪ್ರಕಟಿಸಿದರು. ಇವನನ್ನು ಮಾತಾಡಿಸಬೇಕಾಗಿದೆ ಎಂದರೇ ಹೊರತು ಆರೋಪಿ ಎನ್ನಲಿಲ್ಲ. ಆ ವ್ಯತ್ಯಾಸ ಇಂಟರ್ನೆಟ್ಟಿನಲ್ಲಿ ಅರ್ಧ ದಿನವೂ ಉಳಿಯಲಿಲ್ಲ. ಮೂರನೆಯದು ಕಾಣೆಯಾದ ಹುಡುಗರ ಬಗ್ಗೆ. ಅವರೂ ಅದೇ ಹಂತಕನಿಗೆ ಬಲಿಯಾಗಿದ್ದಾರೆಂದು ಬಹಳಷ್ಟು ಮಂದಿ ಮರುಗಿದರು.

ಮರುದಿನವೇ ಎಲ್ಲ ತಲೆಕೆಳಗಾಯಿತು. ಜುಲೈ 23ರಂದು ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್, ಸಂಕ್ಷೇಪದಲ್ಲಿ ಆರ್‌ಸಿಎಂಪಿ, ಆ ಇಬ್ಬರು ಹುಡುಗರೇ ಮೂರೂ ಕೊಲೆಗಳ ಶಂಕಿತರೆಂದು ಘೋಷಿಸಿತು. ಮರುದಿನ ಸಸ್ಯಶಾಸ್ತ್ರದ ಅಧ್ಯಾಪಕರ ಕೊಲೆಯ ಆರೋಪವನ್ನು ಅವರ ಮೇಲೆ ವಿಧ್ಯುಕ್ತವಾಗಿ ಹೊರಿಸಲಾಯಿತು, ದೇಶದಾದ್ಯಂತ ಬಂಧನದ ವಾರಂಟು ಹೊರಟಿತು. ಅಲ್ಲಿಯವರೆಗೆ ಅವರಿಗಾಗಿ ಮರುಗಿದ್ದವರೇ ಈಗ ಅವರ ಹಳೆಯ ಫೋಟೋಗಳು, ವಿಡಿಯೊ ಗೇಮಿನ ಖಾತೆಗಳು, ಷ್ಮೆಗೆಲ್‌ಸ್ಕಿಯ ತಂದೆ ಮಾಧ್ಯಮಗಳಿಗೆ ಕೊಟ್ಟ ಸಂದರ್ಶನ ಇವೆಲ್ಲವನ್ನೂ ಜಾಲಾಡತೊಡಗಿದರು.

ಒಂದೇ ರಾತ್ರಿಯಲ್ಲಿ ಇಷ್ಟು ಜನ ಇಷ್ಟು ಸಲೀಸಾಗಿ ಮಗ್ಗುಲು ಬದಲಿಸಿದ್ದಕ್ಕೆ ಕಾರಣ ಅವರ ದಡ್ಡತನವಲ್ಲ. ತನಿಖೆ ನಡೆಯುವಾಗ ಪೊಲೀಸರು ತಮಗೆ ಗೊತ್ತಿರುವುದರಲ್ಲಿ ಚೂರುಪಾರನ್ನಷ್ಟೇ ಹೊರಗೆ ಬಿಡುತ್ತಾರೆ. ಯಾವ ಬಂದೂಕು, ಎಷ್ಟು ಗುಂಡು, ಶವ ಯಾವ ಭಂಗಿಯಲ್ಲಿತ್ತು, ಯಾವ ವಸ್ತು ಕಾಣೆಯಾಗಿದೆ ಎಂಬಂಥ ವಿವರಗಳನ್ನು ಬೇಕೆಂದೇ ಬಚ್ಚಿಡುತ್ತಾರೆ. ದೊಡ್ಡ ಪ್ರಕರಣಗಳಲ್ಲಿ ತಾನೇ ಕೊಂದೆನೆಂದು ಸುಳ್ಳೇ ಒಪ್ಪಿಕೊಂಡು ಬರುವವರಿರುತ್ತಾರೆ. ಕೊಂದವನಿಗೆ ಮಾತ್ರ ಗೊತ್ತಿರಬಹುದಾದ ಸಂಗತಿಯನ್ನು ಕೇಳಿ ಅಂಥವರನ್ನು ಸೋಸುತ್ತಾರೆ. ಸಾಕ್ಷಿಗಳು ತಾವು ಕಂಡದ್ದನ್ನು ಹೇಳುತ್ತಿದ್ದಾರೋ ಟೀವಿಯಲ್ಲಿ ಕೇಳಿದ್ದನ್ನೋ ಎಂದು ಒರೆಹಚ್ಚುವುದಕ್ಕೂ ಇದೇ ಉಪಾಯ. ಹೊರಗಿನವರಿಗೆ ಸಿಗುವುದು ಹೀಗೆ ಪೊಲೀಸರು ಆರಿಸಿ ಕೊಟ್ಟ ತುಣುಕುಗಳು. ನೂರು ಚೂರಿನ ಚಿತ್ರದಲ್ಲಿ ಹತ್ತು ಚೂರು ಕೈಯಲ್ಲಿದ್ದಾಗ ಉಳಿದ ತೊಂಬತ್ತನ್ನು ಕಥೆಯೇ ತುಂಬಬೇಕು. ಆ ಕಥೆಯನ್ನು ಜನ ತಮಗೆ ಮೊದಲೇ ಗೊತ್ತಿರುವ ಇನ್ನೊಂದು ಕಥೆಯಿಂದ ಕಡ ತರುತ್ತಾರೆ, ಕಣ್ಣೀರಿನ ಹೆದ್ದಾರಿಯಿಂದ ತಂದ ಹಾಗೆ.

ಅಷ್ಟರಲ್ಲಿ ಶಂಕಿತರು ಪಶ್ಚಿಮ ಕೆನಡಾವನ್ನು ಅಡ್ಡಕ್ಕೆ ಸೀಳಿಕೊಂಡು 3,000 ಕಿ.ಮೀ. ದಾಟಿಬಿಟ್ಟಿದ್ದರು. ಸತ್ತ ಅಧ್ಯಾಪಕರ ಬೂದು ಬಣ್ಣದ ಟೊಯೋಟಾ ರಾವ್4 ಕಾರು ಅವರ ಕೈಯಲ್ಲಿತ್ತು. ಜುಲೈ 21ರಂದು ಸಸ್ಕಾಚೆವನ್ ಪ್ರಾಂತದ ಮೆಡೊ ಲೇಕಿನಲ್ಲಿ ಅಂಗಡಿಯ ಕ್ಯಾಮೆರಾಕ್ಕೆ ಸಿಕ್ಕರು. ಮರುದಿನ ಮ್ಯಾನಿಟೋಬಾದ ಸ್ಪ್ಲಿಟ್ ಲೇಕ್ ಎಂಬಲ್ಲಿ ಒಂದು ವಿಚಿತ್ರ ನಡೆಯಿತು. ಅದು ಕ್ರೀ ಮೂಲನಿವಾಸಿಗಳ ಊರು. ಅಲ್ಲಿಗೆ ಮದ್ಯ ತರುವಂತಿಲ್ಲ. ಊರಿನ ಕಾವಲಿನವರೇ ಚೆಕ್‌ಪೋಸ್ಟ್ ಹಾಕಿ ಬರುವ ಗಾಡಿಗಳನ್ನು ತಪಾಸಣೆ ಮಾಡುತ್ತಾರೆ. ಈ ಕಾರನ್ನೂ ನಿಲ್ಲಿಸಿದರು, ಒಳಗೆ ನೋಡಿದರು. ಕ್ಯಾಂಪಿಂಗ್ ಸಾಮಾನು, ನಕ್ಷೆಗಳು ಕಂಡವು. ಬಾಟಲಿ ಇರಲಿಲ್ಲ. ಹೋಗಲು ಬಿಟ್ಟರು. ಶಂಕಿತರೆಂಬ ಘೋಷಣೆ ಹೊರಬೀಳಲು ಇನ್ನೂ ಒಂದು ದಿನವಿತ್ತು. ಅದೇ ದಿನ ಗಿಲ್ಲಮ್ ಊರಿನಾಚೆ, ಫಾಕ್ಸ್ ಲೇಕ್ ಕ್ರೀ ಜನರ ನೆಲದ ಬಳಿ, ಆ ಕಾರು ಹೊತ್ತಿ ಉರಿಯುತ್ತಿತ್ತು.

ಗಿಲ್ಲಮ್ ಆಗ ಸುಮಾರು 1,200 ಜನರ ಊರು. ನೆಲ್ಸನ್ ನದಿಯ ಅಣೆಕಟ್ಟುಗಳು, ವಿದ್ಯುತ್ ನಿಗಮದ ನೌಕರರು, ಚರ್ಚಿಲ್ ಬಂದರಿಗೆ ಹೋಗುವ ರೈಲುಹಳಿ ಇಷ್ಟೇ ಅದರ ಪ್ರಪಂಚ. ಒಂದೇ ಜಲ್ಲಿಕಲ್ಲಿನ ರಸ್ತೆ. ಅದು ಸ್ವಲ್ಪ ಮುಂದೆ ಹೋಗಿ ಕೊನೆಯಾಗುತ್ತದೆ. ಸುತ್ತ ಜೌಗು, ಕುರುಚಲು ಸ್ಪ್ರೂಸ್ ಕಾಡು, ಬೇಸಿಗೆಯಲ್ಲಿ ಮುಖಕ್ಕೆ ಮುತ್ತುವ ಸೊಳ್ಳೆ ಮತ್ತು ಕಪ್ಪು ನೊಣಗಳು, ಒಮ್ಮೊಮ್ಮೆ ಹಿಮಕರಡಿ. ಬಾಗಿಲಿಗೆ ಬೀಗ ಹಾಕಿ ಗೊತ್ತಿಲ್ಲದ ಊರಿನವರು ಆ ವಾರ ಬೀಗ ಹಾಕಿಕೊಂಡು ಮಲಗಿದರು.

ಪೊಲೀಸ್ ಶೋಧ ಇಲ್ಲಿ ಬಲವಾಯಿತು. ರಸ್ತೆಗೆ ನಾಕಾಬಂದಿ, ನಾಯಿಗಳು, ಡ್ರೋನುಗಳು, ಶಾಖ ಹಿಡಿಯುವ ಕ್ಯಾಮೆರಾಗಳು, ಕೊನೆಗೆ ವಾಯುಪಡೆಯ ವಿಮಾನಗಳೂ ಬಂದವು. ಗಿಲ್ಲಮ್ ಮತ್ತು ಫಾಕ್ಸ್ ಲೇಕಿನಲ್ಲಿ 500ಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿ ವಿಚಾರಿಸಿದರು. 11,000 ಚದರ ಕಿ.ಮೀ. ಜಾಗ ಜಾಲಾಡಿದರು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳೆರಡೂ ಸೇರಿದರೂ ಅದರ ಅರ್ಧಕ್ಕೆ ಸಾಲುವುದಿಲ್ಲ. ಜೊತೆಗೆ ಒಂದು ವಿನಂತಿಯೂ ಹೊರಟಿತು: ಪೊಲೀಸರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದರ ಫೋಟೋಗಳನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ. ತಲೆಮರೆಸಿಕೊಂಡವರ ಕೈಯಲ್ಲೂ ಫೋನಿರಬಹುದಲ್ಲ.

ಗಿಲ್ಲಮ್ಮಿಗೆ ಬಂದದ್ದಾದರೂ ಯಾಕೆ? ಹವ್ಯಾಸಿಗಳ ಚರ್ಚೆಯ ಕೇಂದ್ರಕ್ಕೆ ಈಗ ಈ ಪ್ರಶ್ನೆ ಬಂತು. ಓಡಿಹೋಗುವವನು ದಾರಿ ಮುಗಿಯುವ ಊರಿಗೆ ಯಾಕೆ ಬರುತ್ತಾನೆ? ಇದು ಒಳ್ಳೆಯ ಪ್ರಶ್ನೆಯೇ, ತನಿಖಾಧಿಕಾರಿಗಳೂ ಕೇಳಿಕೊಂಡಿರಬೇಕಾದ್ದೇ. ಅದಕ್ಕೆ ಬಂದ ಉತ್ತರಗಳಲ್ಲಿ ತರ್ಕಕ್ಕೂ ಕೊರತೆಯಿರಲಿಲ್ಲ. ದಾರಿ ತಪ್ಪಿದ್ದಾರೆ ಎಂದರು ಕೆಲವರು. ಕಾರು ಸುಟ್ಟದ್ದು ಕಣ್ಣಿಗೆ ಮಣ್ಣೆರಚಲು, ಯಾರದೋ ಗಾಡಿ ಹತ್ತಿ ದಕ್ಷಿಣಕ್ಕೆ ಜಾರಿದ್ದಾರೆ ಎಂದರು ಇನ್ನು ಕೆಲವರು. ಗೂಡ್ಸ್ ರೈಲು ಹತ್ತಿದ್ದಾರೆ, ನದಿಯಲ್ಲಿ ಮುಳುಗಿದ್ದಾರೆ, ಕಾಡಿನ ಕಸುಬು ಬಲ್ಲವರಾದ್ದರಿಂದ ತಿಂಗಳುಗಟ್ಟಲೆ ಬದುಕಬಲ್ಲರು, ಎರಡು ದಿನವೂ ಬಾಳಲಾರರು. ವೇಷ ಬದಲಿಸಿಕೊಂಡಿರಬಹುದು, ಯಾರಾದರೂ ತಿಳಿಯದೆ ನೆರವು ಕೊಟ್ಟಿರಬಹುದು ಎಂದು ಪೊಲೀಸರೇ ಜುಲೈ 26ರಂದು ಹೇಳಿದ್ದರಿಂದ ಎಲ್ಲ ವಾದಗಳಿಗೂ ಜೀವ ಬಂತು. ಒಂಟಾರಿಯೊ ಪ್ರಾಂತದ ಊರೂರಿನಿಂದ ಇಲ್ಲಿ ಕಂಡೆವು, ಅಲ್ಲಿ ಕಂಡೆವು ಎಂಬ ಕರೆಗಳು ಹರಿದವು. ಎತ್ತರದ, ತೆಳ್ಳಗಿನ ಇಬ್ಬರು ಯುವಕರು ಜೊತೆಯಾಗಿ ಹೋಗುವುದು ಆ ಬೇಸಿಗೆಯಲ್ಲಿ ಅನುಮಾನದ ಸಂಗತಿಯಾಯಿತು.

ಇಂಥ ಕರೆಗಳಿಗೆ ತಗಲುವ ವೆಚ್ಚವನ್ನು ಯಾರ್ಕ್ ಲ್ಯಾಂಡಿಂಗಿನ ಪ್ರಸಂಗ ತೋರಿಸುತ್ತದೆ. ಗಿಲ್ಲಮ್ಮಿನ ನೈರುತ್ಯಕ್ಕೆ ಸುಮಾರು 90 ಕಿ.ಮೀ. ದೂರದ ಈ ಊರಿಗೆ ಬೇಸಿಗೆಯಲ್ಲಿ ದೋಣಿ ಅಥವಾ ವಿಮಾನವೇ ಗತಿ. ಜುಲೈ 28ರಂದು ಅಲ್ಲಿನ ಕಸದ ತಿಪ್ಪೆಯ ಬಳಿ ಇಬ್ಬರು ಆಹಾರ ಹೆಕ್ಕುತ್ತಿರುವುದು ಕಂಡಿತೆಂದು ಮೂಲನಿವಾಸಿಗಳ ಸ್ವಯಂಸೇವಾ ಗಸ್ತು ತಂಡವಾದ ಬೇರ್ ಕ್ಲ್ಯಾನ್ ಪ್ಯಾಟ್ರೋಲಿನವರು ತಿಳಿಸಿದರು. ಪೊಲೀಸ್ ಪಡೆಯೆಲ್ಲ ಅತ್ತ ಧಾವಿಸಿತು, ಊರಿನವರು ಮನೆಯೊಳಗೆ ಉಳಿದರು. ಒಂದು ದಿನ ಹುಡುಕಿ, ಏನೂ ಖಚಿತವಾಗದೆ ಪಡೆ ವಾಪಸಾಯಿತು. ಶಂಕಿತರು ಅಲ್ಲಿಗೆ ಹೋದ ಕುರುಹು ಮುಂದೆಯೂ ಸಿಗಲಿಲ್ಲ. ಸುಳಿವು ಕೊಟ್ಟವರ ನೀಯತ್ತಿನಲ್ಲಿ ಕೊಂಕಿಲ್ಲ. ಅವರು ಕೂತು ಊಹಿಸಿದವರಲ್ಲ, ಸ್ಥಳದಲ್ಲೇ ಇದ್ದವರು. ಕಣ್ಣೂ ಮೋಸಹೋಗುತ್ತದೆ. ಆದರೆ ಕಣ್ಣಿನ ಮೋಸವನ್ನು ಒಂದೇ ದಿನದಲ್ಲಿ ಸ್ಥಳಕ್ಕೆ ಹೋಗಿ ಪರೀಕ್ಷಿಸಿ ಮುಗಿಸಬಹುದು. ಊಹೆಗೆ ಅಂಥ ಸ್ಥಳವೇ ಇರುವುದಿಲ್ಲ, ಆದ್ದರಿಂದ ಅದು ಮುಗಿಯುವುದೂ ಇಲ್ಲ.

ಊಹೆ ಮನುಷ್ಯನೊಬ್ಬನ ಹೆಸರಿಗೆ ಅಂಟಿಕೊಂಡಾಗ ಆಗುವ ಅನಾಹುತಕ್ಕೆ ಎಲ್ಲರೂ ಕೊಡುವ ಉದಾಹರಣೆ 2013ರ ಬಾಸ್ಟನ್. ಏಪ್ರಿಲ್ 15ರ ಮ್ಯಾರಥಾನ್ ಸ್ಫೋಟದ ನಂತರ ಎಫ್‌ಬಿಐ ಇಬ್ಬರು ಶಂಕಿತರ ಚಿತ್ರ ಬಿಡುಗಡೆ ಮಾಡಿತು. ತಿಂಗಳ ಹಿಂದೆ ಕಾಣೆಯಾಗಿದ್ದ, ಭಾರತೀಯ ಮೂಲದ ಕುಟುಂಬದ ವಿದ್ಯಾರ್ಥಿಯೊಬ್ಬನ ಮುಖಕ್ಕೂ ಆ ಚಿತ್ರಕ್ಕೂ ಹೋಲಿಕೆ ಹುಡುಕಿದ ಹವ್ಯಾಸಿಗಳು ರಾತ್ರೋರಾತ್ರಿ ಅವನನ್ನು ಬಾಂಬರ್ ಮಾಡಿದರು. ಮಗನನ್ನು ಹುಡುಕುತ್ತಿದ್ದ ಮನೆಯವರಿಗೆ ಬೈಗುಳ, ಬೆದರಿಕೆಗಳ ಸುರಿಮಳೆಯಾಯಿತು. ಬೆಳಗಾಗುವುದರೊಳಗೆ ನಿಜವಾದ ಶಂಕಿತರು ಬೇರೆಯವರೆಂದು ಗೊತ್ತಾಯಿತು. ಏಪ್ರಿಲ್ 23ರಂದು ಆ ಹುಡುಗನ ಶವ ಪ್ರಾವಿಡೆನ್ಸ್ ನದಿಯಲ್ಲಿ ಸಿಕ್ಕಿತು. ಈ ಚರ್ಚೆ ನಡೆದ ರೆಡಿಟ್ ಸಂಸ್ಥೆ ಕ್ಷಮೆ ಕೇಳಿತು. ಪಾಠ ಕಲಿತರೇ ಎಂದರೆ, 2022ರಲ್ಲಿ ಅಮೆರಿಕದ ಐಡಹೊ ರಾಜ್ಯದಲ್ಲಿ ನಾಲ್ವರು ವಿದ್ಯಾರ್ಥಿಗಳ ಕೊಲೆಯಾದಾಗ ಟ್ಯಾರೊ ಕಾರ್ಡ್ ಓದುವ ಟಿಕ್‌ಟಾಕ್ ತಾರೆಯೊಬ್ಬರು ಅದೇ ವಿಶ್ವವಿದ್ಯಾಲಯದ ಇತಿಹಾಸದ ಪ್ರಾಧ್ಯಾಪಕಿಯೇ ಕೊಲೆ ಮಾಡಿಸಿದ್ದೆಂದು ಸಾರಿದರು. ಆ ಪ್ರಾಧ್ಯಾಪಕಿ ಕೋರ್ಟಿಗೆ ಹೋದರು. ಇದು ಮಾನಹಾನಿಯೆಂದು 2024ರಲ್ಲಿ ತೀರ್ಪಾಯಿತು.

ಹಾಗೆಂದು ಹವ್ಯಾಸಿಗಳು ಗೆದ್ದೇ ಇಲ್ಲವೆಂದಲ್ಲ. 1968ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಟೆಂಟಿನ ಬಟ್ಟೆಯಲ್ಲಿ ಸುತ್ತಿ ಎಸೆದಿದ್ದ ತರುಣಿಯೊಬ್ಬಳ ಶವ ಮೂವತ್ತು ವರ್ಷ ಹೆಸರಿಲ್ಲದೆ ಮಣ್ಣಿನಲ್ಲಿತ್ತು. ಟೆನೆಸಿಯ ಕಾರ್ಖಾನೆ ಕೆಲಸಗಾರನೊಬ್ಬ ಪಾಳಿ ಮುಗಿಸಿ ಬಂದು ರಾತ್ರಿಯೆಲ್ಲ ಇಂಟರ್ನೆಟ್ಟಿನಲ್ಲಿ ಕಾಣೆಯಾದವರ ವಿವರಗಳನ್ನು ತಾಳೆಹಾಕುತ್ತ ಹೋಗಿ, 1998ರಲ್ಲಿ ಅವಳ ಸೋದರಿಯನ್ನು ಕಂಡುಹಿಡಿದ. ಹೆಸರಿಲ್ಲದ ಶವಗಳನ್ನು ಕಾಣೆಯಾದವರ ಜೊತೆ ಹೊಂದಿಸುವ ಇಂಥ ಕೆಲಸಕ್ಕೆಂದೇ ಸ್ವಯಂಸೇವಕರ ಬಳಗಗಳಿವೆ. ಹಳೆಯ ಪ್ರಕರಣಗಳಲ್ಲಿ ಮಾಹಿತಿಯೆಲ್ಲ ಹೊರಗೇ ಇರುತ್ತದೆ, ಅದು ಅಲ್ಲಾಡುವುದಿಲ್ಲ, ಅವಸರವೂ ಇರುವುದಿಲ್ಲ. ಪೊಲೀಸರಿಗೆ ಇಲ್ಲದ ಹೊತ್ತು ಹವ್ಯಾಸಿಗಿರುತ್ತದೆ. ಓಡುತ್ತಿರುವ ಶಂಕಿತನ ಬೇಟೆಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಹೊರಗಿನವರು ನೆರವಾಗುವುದು ಬೇರೊಂದು ಬಗೆಯಲ್ಲಿ. 2021ರಲ್ಲಿ ವಯೋಮಿಂಗಿನಲ್ಲಿ ಪ್ರವಾಸ ಹೊರಟಿದ್ದ ಯುವತಿಯೊಬ್ಬಳು ಕಾಣೆಯಾದಾಗ, ಅದೇ ದಾರಿಯಲ್ಲಿ ಹೋಗಿದ್ದ ಕುಟುಂಬವೊಂದು ತಮ್ಮ ಗಾಡಿಯ ಕ್ಯಾಮೆರಾದ ಹಳೆಯ ದೃಶ್ಯಗಳನ್ನು ತಿರುವಿಹಾಕಿತು. ಗ್ರ್ಯಾಂಡ್ ಟೀಟನ್ ಬಳಿಯ ಕ್ಯಾಂಪಿನಲ್ಲಿ ಅವಳ ಬಿಳಿ ವ್ಯಾನು ನಿಂತಿರುವುದು ಅದರಲ್ಲಿತ್ತು. ಶವ ಸಿಕ್ಕಿದ್ದು ಅದೇ ಪ್ರದೇಶದಲ್ಲಿ. ಆ ಕುಟುಂಬ ಏನನ್ನೂ ಊಹಿಸಲಿಲ್ಲ. ತಮ್ಮ ಕಣ್ಣಿಗೆ ಬಿದ್ದಿದ್ದನ್ನು ತಡವಾಗಿಯಾದರೂ ಗಮನಿಸಿ ತೋರಿಸಿತು.

ಗಿಲ್ಲಮ್ಮಿನಲ್ಲೂ ಹಾಗೇ ಆಯಿತು. ಯಾರೂ ಕಾಣಿಸದೆ ವಾರ ಕಳೆದ ಮೇಲೆ, ಜುಲೈ 31ರಂದು, ಪೊಲೀಸರು ಶೋಧದ ಗಾತ್ರ ಇಳಿಸಿದರು. ಕೈಚೆಲ್ಲಿದರು ಎಂಬ ಟೀಕೆ ಬಂತು. ನೆಲ್ಸನ್ ನದಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಸ್ಥಳೀಯನೊಬ್ಬನಿಗೆ ನೀರಿನಲ್ಲಿ ಸಿಕ್ಕಿಕೊಂಡ ನೀಲಿ ಸ್ಲೀಪಿಂಗ್ ಬ್ಯಾಗ್ ಕಾಣಿಸಿತು. ದಿನವೂ ಆ ನೀರಿನ ಮೇಲೆ ಓಡಾಡುವವನಿಗೆ ಅದು ಅಲ್ಲಿರಬೇಕಾದ ವಸ್ತುವಲ್ಲವೆಂದು ತಿಳಿಯಿತು, ಪೊಲೀಸರಿಗೆ ಹೇಳಿದ. ಹೆಲಿಕಾಪ್ಟರಿನಿಂದ ನೋಡಿದಾಗ ಒಡೆದ ಸಣ್ಣ ದೋಣಿಯೊಂದೂ ಸಿಕ್ಕಿತು. ಮುಳುಗುಗಾರರು ನದಿ ಜಾಲಾಡಿದರೂ ಅಲ್ಲಿ ಮಹತ್ವದ್ದೇನೂ ದೊರೆಯಲಿಲ್ಲ, ಆದರೆ ದಂಡೆಯಲ್ಲಿ ಶಂಕಿತರಿಗೆ ಸೇರಿದ ವಸ್ತುಗಳು ಸಿಕ್ಕವು. ಅಲ್ಲಿಂದ ಒಂದು ಕಿ.ಮೀ. ದೂರದ ದಟ್ಟ ಪೊದೆಯಲ್ಲಿ ಆಗಸ್ಟ್ 7ರ ಬೆಳಿಗ್ಗೆ ಇಬ್ಬರ ಶವಗಳೂ ಪತ್ತೆಯಾದವು. ಸುಟ್ಟ ಕಾರಿಗೂ ಆ ಜಾಗಕ್ಕೂ ಎಂಟೇ ಕಿ.ಮೀ. ಇಬ್ಬರೂ ಗುಂಡೇಟಿನಿಂದ ಸತ್ತಿದ್ದರು. ಮರಣೋತ್ತರ ಪರೀಕ್ಷೆಯ ಪ್ರಕಾರ ಸತ್ತು ಹಲವು ದಿನಗಳಾಗಿದ್ದವು, ಆದರೆ ಶೋಧ ಶುರುವಾದ ಮೇಲೂ ಕೆಲವು ದಿನ ಅವರು ಬದುಕಿದ್ದಿರಬೇಕು. ಒಂಟಾರಿಯೊದಲ್ಲಿ ಕಂಡವರು ಅವರಾಗಿರಲಿಲ್ಲ. ರೈಲು ಹತ್ತಿರಲಿಲ್ಲ, ಯಾರ ಗಾಡಿಯನ್ನೂ ಏರಿರಲಿಲ್ಲ.

ಗಿಲ್ಲಮ್ಮಿಗೆ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸೆಪ್ಟೆಂಬರ್ 27ರ ಆರ್‌ಸಿಎಂಪಿ ವರದಿಯಲ್ಲಿ. ಶವಗಳ ಬಳಿ ಸಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ಆರು ವಿಡಿಯೊಗಳಿದ್ದವು. ಮೂರೂ ಕೊಲೆ ಮಾಡಿದ್ದು ತಾವೇ ಎಂದು ಇಬ್ಬರೂ ಅದರಲ್ಲಿ ಒಪ್ಪಿಕೊಂಡಿದ್ದರು. ಅವರ ಯೋಜನೆ ಇದು: ಹಡ್ಸನ್ ಕೊಲ್ಲಿಯವರೆಗೆ ನಡೆದುಹೋಗುವುದು, ಅಲ್ಲಿ ದೋಣಿಯೊಂದನ್ನು ಅಪಹರಿಸಿ ಯುರೋಪಿಗೋ ಆಫ್ರಿಕಾಕ್ಕೋ ಸಾಗುವುದು. ಮುಂದಿನ ವಿಡಿಯೊದ ಹೊತ್ತಿಗೆ ನದಿ ಅಡ್ಡಬಂದಿತ್ತು. ಅದು ಬಹಳ ದೊಡ್ಡದಿದೆ, ಸೆಳೆತ ಜೋರಾಗಿದೆ, ಸಾಯಬೇಕಾಗಬಹುದು ಎಂದು ಅವರು ಹೇಳುತ್ತಾರೆ. ನೂರಾರು ತಲೆಗಳು ವಾರಗಟ್ಟಲೆ ಕುದಿಸಿದ ತರ್ಕ ಈ ಉತ್ತರಕ್ಕೆ ಯಾಕೆ ಮುಟ್ಟಲಿಲ್ಲವೆಂದರೆ, ಇದರಲ್ಲಿ ತರ್ಕವೇ ಇರಲಿಲ್ಲ. ಓಡುವವನು ವಿವೇಕಿಯಾಗಿರುತ್ತಾನೆಂದು ನಂಬಿ ಲೆಕ್ಕ ಹಾಕುವುದು ಪತ್ತೇದಾರಿ ಕಾದಂಬರಿಯ ಅಭ್ಯಾಸ. ಭೂಪಟದಲ್ಲಿ ನೀಲಿ ಬಣ್ಣ ಕಂಡತ್ತ ಕಾರು ಓಡಿಸುವ ಹದಿನೆಂಟು ಹತ್ತೊಂಬತ್ತರ ಹುಡುಗರು ಅದರೊಳಗೆ ಹಿಡಿಯುವುದಿಲ್ಲ.

ಕೊಲೆಗಳಿಗೆ ಬಳಕೆಯಾದ ಎರಡು ಎಸ್‌ಕೆಎಸ್ ರೈಫಲುಗಳಲ್ಲಿ ಒಂದನ್ನು ಮ್ಯಾಕ್ಲೌಡ್ ಊರು ಬಿಟ್ಟ ದಿನವೇ ಲೈಸನ್ಸ್ ತೋರಿಸಿ ಕಾನೂನುಬದ್ಧವಾಗಿ ಕೊಂಡಿದ್ದನೆಂದೂ, ಇನ್ನೊಂದರ ಮೂಲ ಪತ್ತೆಯಾಗಲಿಲ್ಲವೆಂದೂ ವರದಿ ಹೇಳಿತು. ಕೊಂದದ್ದಕ್ಕೆ ಕಾರಣವನ್ನು ಇಬ್ಬರೂ ಎಲ್ಲೂ ಹೇಳಿರಲಿಲ್ಲ, ಪಶ್ಚಾತ್ತಾಪದ ಮಾತೂ ಇರಲಿಲ್ಲ. ವಿಡಿಯೊಗಳನ್ನು ಪ್ರಕಟಿಸಬಾರದೆಂದು ಅಪರಾಧಿ ವರ್ತನೆಯ ವಿಶ್ಲೇಷಕರು ಸಲಹೆ ಕೊಟ್ಟರು. ಪ್ರಸಿದ್ಧಿಗಾಗಿ ಮಾಡಿಕೊಂಡ ಚಿತ್ರೀಕರಣವಿರಬಹುದು, ಅದನ್ನು ನೋಡಿ ಇನ್ನೊಬ್ಬ ಪ್ರೇರಣೆ ಪಡೆಯಬಹುದು ಎಂಬುದು ಅವರ ಆತಂಕ. ಪೊಲೀಸರು ವಿಡಿಯೊಗಳ ಸಾರಾಂಶವನ್ನಷ್ಟೇ ಓದಲು ಕೊಟ್ಟು, ಪ್ರಕರಣವನ್ನು ಮುಗಿಸಿದರು. ಕಾರಣವೇನೆಂಬ ಚರ್ಚೆ ಮಾತ್ರ, ಸಾರ್ವಜನಿಕರು ನೋಡದ ಆ ಆರು ವಿಡಿಯೊಗಳ ಸುತ್ತ, ಹೊಸದಾಗಿ ಶುರುವಾಯಿತು.